ಫ್ರೀಬಿಎಸ್‌ಡಿ ಸರ್ವರ್ ನಿಧಾನ: ರೇಡ್ ಕಾರ್ಡಿನ ಡ್ರೈವರ್ ಎಂಎಫ್‌ಐಯಿಂದ ಎಂಆರ್‌ಸಾಸ್‌ಗೆ ಬದಲಿಸಲಾ?

ಗೋಣಿಚೀಲ · ಜುಲೈ 19, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ಕುಶಾಲನಗರದ ಹತ್ತಿರ ಒಂದು ಕಾಫಿ ಕ್ಯೂರಿಂಗ್‌ನ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತೇನೆ. ನಾನಿರುವುದು ಮಡಿಕೇರಿಯಲ್ಲಿ, ವಾರಕ್ಕೆ ಒಂದೆರಡು ಸಲ ಇಳಿದು ಹೋಗುತ್ತೇನೆ. ಅಲ್ಲಿ ಸೆಕೆಂಡ್ ಹ್ಯಾಂಡ್ ತಂದ ಒಂದು ಹಳೆಯ ಸರ್ವರ್ ಇದೆ. ಫ್ರೀಬಿಎಸ್‌ಡಿ ಅನ್ನೋ ಆಪರೇಟಿಂಗ್ ಸಿಸ್ಟಮ್ ಹಾಕಿದ್ದೇನೆ. ನಾಲ್ಕು ಡಿಸ್ಕ್, ರೇಡ್ 5 (ಒಂದು ಡಿಸ್ಕ್ ಕೆಟ್ಟರೂ ಡೇಟಾ ಉಳಿಯುವ ಜೋಡಣೆ), ಮೇಲೆ ಯುಎಫ್‌ಎಸ್ ಫೈಲ್ ಸಿಸ್ಟಮ್. ಬೆಳೆಗಾರರ ಚೆರ್ರಿ, ಪಾರ್ಚ್‌ಮೆಂಟ್, ವೇಬ್ರಿಡ್ಜ್ ರಸೀತಿ, ಔಟ್‌ಟರ್ನ್, ಎಲ್ಲ ಲೆಕ್ಕವೂ ಅದರಲ್ಲಿರುವ ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ.

ಎರಡು ವಾರದಿಂದ ತುಂಬಾ ನಿಧಾನ. ಮೊದಲು ರಸೀತಿಗೆ ಸೇವ್ ಒತ್ತಿದರೆ ತಕ್ಷಣ ಆಗುತ್ತಿತ್ತು. ಈಗ ನಾಲ್ಕೈದು ಸೆಕೆಂಡ್ ಹಿಡಿಯುತ್ತದೆ. ಆಫೀಸಿನ ಹುಡುಗ "ಸೇವ್ ಒತ್ತಿ ಒಂದು ಕಾಫಿ ಕುಡಿದು ಬರಬಹುದು ಅಣ್ಣ" ಎನ್ನುತ್ತಾನೆ. ಹಳೆಯ ರಸೀತಿ ಹುಡುಕಿದರೆ ಬೇಗ ಸಿಗುತ್ತದೆ, ಹೊಸದು ಬರೆಯುವುದೇ ಕಷ್ಟ.

ಡಿಸ್ಕ್‌ಗಳನ್ನು ನಡೆಸುವ ರೇಡ್ ಕಾರ್ಡ್ ಎಲ್‌ಎಸ್‌ಐ ಮೆಗಾರೇಡ್. ಈಗ ಎಂಎಫ್‌ಐ ಅನ್ನೋ ಡ್ರೈವರ್ (ಕಾರ್ಡಿನ ಜೊತೆ ಮಾತಾಡುವ ತಂತ್ರಾಂಶ) ಓಡುತ್ತಿದೆ, ಡಿಸ್ಕ್ ಎಂಎಫ್‌ಐಡಿ0 ಅಂತ ಕಾಣುತ್ತದೆ. ಎಂಆರ್‌ಸಾಸ್ ಅನ್ನೋ ಇನ್ನೊಂದು ಡ್ರೈವರ್ ಹೊಸದು, ಒಳ್ಳೆಯದು ಅಂತ ಎಲ್ಲೋ ಓದಿದೆ. ಬದಲಿಸಿದರೆ ವೇಗ ಬರುತ್ತದಾ? ಬದಲಿಸಿದ ಅನುಭವ ಇರುವವರು ಹೇಳಿ.

ಸಿಲ್ವರ್‌ಓಕ್ · ಜುಲೈ 19, ರಾತ್ರಿ 9:32

ಧಾರಾಳವಾಗಿ ಬದಲಿಸಿ. ಒಂದೇ ಸಾಲಿನ ಕೆಲಸ. ಬೂಟ್ ಆಗುವಾಗ ಓದುವ /ಬೂಟ್/ಲೋಡರ್.ಕಾನ್ಫ್ ಫೈಲಿನಲ್ಲಿ ಎಚ್‌ಡಬ್ಲ್ಯು.ಎಂಎಫ್‌ಐ.ಎಂಆರ್‌ಸಾಸ್_ಎನೇಬಲ್="1" ಅಂತ ಹಾಕಿ ರೀಬೂಟ್ ಮಾಡಿ. ನಾನು ಎರಡು ಕಡೆ ಮಾಡಿದ್ದೇನೆ, ಏನೂ ಆಗಿಲ್ಲ.

ಕಾಳುಮೆಣಸು · ಜುಲೈ 19, ರಾತ್ರಿ 10:15

ಸ್ವಲ್ಪ ತಡೀರಿ. ಆ ಸಾಲು ಎಲ್ಲಾ ಕಾರ್ಡಿಗೂ ಅಲ್ಲ. ಮೊದಲು ಪಿಸಿಐಕಾನ್ಫ್ -ಎಲ್‌ವಿ ಕೊಟ್ಟು ಚಿಪ್ ಯಾವುದು ನೋಡಿ. 2208, 3108 ತರದ ಚಿಪ್ ಆದರೆ ಎರಡೂ ಡ್ರೈವರ್‌ಗಳಿಗೆ ಅದು ಗೊತ್ತು, ಯಾವುದು ಬೇಕು ಅಂತ ನೀವು ಹೇಳಬಹುದು. ಅದಕ್ಕಿಂತ ಹಳೆಯ ಮೆಗಾರೇಡ್ ಆದರೆ ಎಂಎಫ್‌ಐ ಒಂದೇ ಗತಿ. ಆ ಸಾಲು ಹಾಕಿದರೂ ಅಷ್ಟೇ, ಬಿಟ್ಟರೂ ಅಷ್ಟೇ.

ಇನ್ನೊಂದು, ಯಾವ ಪಾರ್ಟಿಷನ್ ಎಲ್ಲಿ ಸೇರಬೇಕು (ಮೌಂಟ್ ಆಗಬೇಕು) ಅಂತ ಹೇಳುವ ನಿಮ್ಮ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಏನಿದೆ? ಎಂಎಫ್‌ಐಡಿ0ಪಿ2 (ಡಿಸ್ಕಿನ ಎರಡನೇ ಪಾರ್ಟಿಷನ್) ಅಂತ ನೇರ ಹೆಸರು ಇದೆಯಾ, ನೀವೇ ಇಟ್ಟ ಹೆಸರು, ಅಂದರೆ ಲೇಬಲ್ ಇದೆಯಾ? ಇದು ನೋಡದೆ ರೀಬೂಟ್ ಮಾಡಬೇಡಿ. ಸರ್ವರ್ ಮುಂದೆ ನೀವು ಇಲ್ಲದಿರುವಾಗ ಅಂತೂ ಮಾಡಲೇಬೇಡಿ.

ಗೋಣಿಚೀಲ · ಜುಲೈ 19, ರಾತ್ರಿ 10:41

ಅಕ್ಕ, ನಿಮ್ಮ ಉತ್ತರ ನೋಡುವಷ್ಟರಲ್ಲಿ ಮಾಡಿಬಿಟ್ಟಿದ್ದೆ. ಮನೆಯಿಂದಲೇ ಲಾಗಿನ್ ಆಗಿ ಸಾಲು ಹಾಕಿ ರೀಬೂಟ್ ಕೊಟ್ಟೆ. ಇಪ್ಪತ್ತು ನಿಮಿಷ ಆಯಿತು. ಪಿಂಗ್ ಕೂಡ ಬರುತ್ತಿಲ್ಲ. ಇಲ್ಲಿ ಮಳೆ ಹೊಯ್ಯುತ್ತಿದೆ, ಈ ಹೊತ್ತಿನಲ್ಲಿ ಘಾಟಿ ಇಳಿಯೋಕೆ ಮನೆಯವರು ಬಿಡುವುದಿಲ್ಲ. ಆಫೀಸಿನ ಹುಡುಗ ಕ್ಯೂರಿಂಗ್ ಕ್ವಾರ್ಟರ್ಸ್‌ನಲ್ಲೇ ಇದ್ದಾನೆ, ಅವನಿಗೆ ಫೋನ್ ಮಾಡಿ ಎಬ್ಬಿಸಿದ್ದೇನೆ. ಪರದೆಯಲ್ಲಿ "ಎಂಎಫ್‌ಐಡಿ0ಪಿ2 ಮೌಂಟ್ ಆಗಲಿಲ್ಲ, ಎರರ್ 19" ಅಂತ ಇದೆಯಂತೆ. ಕೆಳಗೆ ಮೌಂಟ್‌ರೂಟ್ ಅಂತ ಬಂದು ನಿಂತಿದೆ. ನಾಲ್ಕು ವರ್ಷದ ಲೆಕ್ಕ ಅದರಲ್ಲಿದೆ. ಕೈಕಾಲು ಆಡುತ್ತಿಲ್ಲ.

ಕಾಳುಮೆಣಸು · ಜುಲೈ 19, ರಾತ್ರಿ 10:47

ಗಾಬರಿ ಬೇಡ. ಎರರ್ 19 ಅಂದರೆ ಆ ಹೆಸರಿನ ಸಾಧನ ಇಲ್ಲ ಅಂತ ಅಷ್ಟೇ. ಲೆಕ್ಕ ಎಲ್ಲೂ ಹೋಗಿಲ್ಲ.

ಹುಡುಗನಿಗೆ ಹೇಳಿ, ಆ ಮೌಂಟ್‌ರೂಟ್ ಮುಂದೆ ಬರೀ ಪ್ರಶ್ನೆ ಚಿಹ್ನೆ ಒತ್ತಿ ಎಂಟರ್ ಹೊಡೆಯಲಿ. ಕರ್ನಲ್‌ಗೆ (ಸಿಸ್ಟಮ್‌ನ ತಿರುಳಿಗೆ) ಕಾಣುತ್ತಿರುವ ಡಿಸ್ಕ್‌ಗಳ ಪಟ್ಟಿ ಬರುತ್ತದೆ. ಅದರಲ್ಲಿ ಡಿಎ0, ಡಿಎ0ಪಿ1, ಡಿಎ0ಪಿ2 ಅಂತ ಇದೆಯಾ ಕೇಳಿ.

ಗೋಣಿಚೀಲ · ಜುಲೈ 19, ರಾತ್ರಿ 10:55

ಇದೆ! ಡಿಎ0, ಆಮೇಲೆ ಪಿ1, ಪಿ2, ಪಿ3.

ಕಾಳುಮೆಣಸು · ಜುಲೈ 19, ರಾತ್ರಿ 11:02

ಅದೇ ನಿಮ್ಮ ಡಿಸ್ಕ್. ಹೆಸರು ಮಾತ್ರ ಬೇರೆ. ಎಂಎಫ್‌ಐ ತನ್ನದೇ ಹೆಸರಿಡುತ್ತದೆ, ಎಂಎಫ್‌ಐಡಿ ಅಂತ. ಎಂಆರ್‌ಸಾಸ್ ಸ್ಕಸಿ ಡಿಸ್ಕ್‌ಗಳನ್ನು ನೋಡಿಕೊಳ್ಳುವ ಕ್ಯಾಮ್ ಪದರದ ಮೂಲಕ ಬರುತ್ತದೆ, ಹಾಗಾಗಿ ಮಾಮೂಲಿ ಸ್ಕಸಿ ಡಿಸ್ಕ್ ತರ ಡಿಎ ಅಂತ ಕಾಣುತ್ತದೆ. ನಿಮ್ಮ ಎಫ್‌ಎಸ್‌ಟ್ಯಾಬ್ ಹಳೆಯ ಹೆಸರು ಹಿಡಿದು ಕೂತಿದೆ.

ಅಲ್ಲೇ ಯುಎಫ್‌ಎಸ್:/ಡೆವ್/ಡಿಎ0ಪಿ2 ಅಂತ ಕೊಟ್ಟರೆ ರೂಟ್ (ಮುಖ್ಯ ಪಾರ್ಟಿಷನ್) ಮೌಂಟ್ ಆಗುತ್ತದೆ. ಆದರೆ ಮುಂದೆ ಫೈಲ್ ಸಿಸ್ಟಮ್ ಪರೀಕ್ಷಿಸುವ ಎಫ್‌ಎಸ್‌ಸಿಕೆ ಹಳೆಯ ಹೆಸರು ಹುಡುಕಿ ಮತ್ತೆ ನಿಲ್ಲುತ್ತದೆ, ಸಿಂಗಲ್ ಯೂಸರ್‌ಗೆ (ದುರಸ್ತಿ ಮೋಡ್‌ಗೆ) ಬೀಳುತ್ತೀರಿ, ಅಲ್ಲಿ ಫೈಲ್ ತಿದ್ದಬೇಕು. ನಿದ್ದೆಗಣ್ಣಿನ ಹುಡುಗನ ಕೈಯಲ್ಲಿ ವಿಐ ಎಡಿಟರ್ ಕೊಡುವುದು ಬೇಡ. ಸುಲಭದ ದಾರಿ ಇದೆ.

ಮಿಷನ್ ರೀಸೆಟ್ ಮಾಡಲಿ. ಬೂಟ್ ಮೆನು ಬಂದಾಗ 3 ಒತ್ತಲಿ. ಓಕೆ ಅಂತ ಪ್ರಾಂಪ್ಟ್ ಬರುತ್ತದೆ. ಅಲ್ಲಿ ಸೆಟ್ ಎಚ್‌ಡಬ್ಲ್ಯು.ಎಂಎಫ್‌ಐ.ಎಂಆರ್‌ಸಾಸ್_ಎನೇಬಲ್=0 ಕೊಟ್ಟು ಎಂಟರ್. ಆಮೇಲೆ ಬೂಟ್ ಅಂತ ಕೊಟ್ಟು ಎಂಟರ್. ಈ ಒಂದು ಸಲಕ್ಕೆ ಹಳೆಯ ಡ್ರೈವರ್ ಬರುತ್ತದೆ. ನೀವು ಲಾಗಿನ್ ಆಗಿ ಲೋಡರ್.ಕಾನ್ಫ್‌ನಲ್ಲಿ ಹಾಕಿದ ಸಾಲು ತೆಗೆದು ಮಲಗಿ.

ಗೋಣಿಚೀಲ · ಜುಲೈ 20, ಬೆಳಗ್ಗೆ 7:20

ಬಂತು. ರಾತ್ರಿ ಹನ್ನೆರಡೂವರೆಗೆ ಬಂತು. ಮೆಣಸಕ್ಕನಿಗೆ ದೊಡ್ಡ ನಮಸ್ಕಾರ.

ನಡುವೆ ಏನಾಯಿತು ಕೇಳಿ. ಫೋನಿನಲ್ಲಿ ಒಂದೊಂದೇ ಅಕ್ಷರ ಹೇಳುತ್ತಾ ಹೋದೆ. "ಎಚ್, ಡಬ್ಲ್ಯು, ಚುಕ್ಕಿ, ಎಂ, ಎಫ್, ಐ, ಚುಕ್ಕಿ, ಎಂ, ಆರ್, ಎಸ್, ಎ, ಎಸ್, ಕೆಳಗೆ ಗೆರೆ." ಅವನು ಕೆಳಗೆ ಗೆರೆ ಅಂದಾಗ ಮಾಮೂಲಿ ಅಡ್ಡಗೆರೆ ಒತ್ತಿದ. ಲೋಡರ್ ಏನೂ ತಕರಾರು ಮಾಡಲಿಲ್ಲ, ಯಾವ ಹೆಸರು ಕೊಟ್ಟರೂ ಅದು ಸುಮ್ನೆ ತಗೊಳ್ಳುತ್ತದೆ ಅಂತ ಆಗ ಗೊತ್ತಾಯಿತು. ಬೂಟ್ ಮಾಡಿದರೆ ಮತ್ತೆ ಅದೇ ಎರರ್ 19. ಎರಡನೇ ಸಲ ಹೇಳುವಾಗ ಅರ್ಧದಲ್ಲಿ ಕರೆಂಟ್ ಹೋಯಿತು, ಅದರ ಹಿಂದೆಯೇ ಟವರ್ ಕೂಡ ಹೋಯಿತು. ಯುಪಿಎಸ್ ಇದ್ದದ್ದರಿಂದ ಸರ್ವರ್ ಉಳಿಯಿತು, ಹುಡುಗ ಟಾರ್ಚ್ ಹಿಡಿದು ಕಾಯುತ್ತಾ ಕೂತಿದ್ದನಂತೆ. ಮತ್ತೆ ಸಿಗ್ನಲ್ ಬಂದ ಮೇಲೆ ಮೂರನೇ ಸಲಕ್ಕೆ ಆಯಿತು. ಅವನಿಗೆ ಒಂದು ಊಟ ಬಾಕಿ ಇದೆ.

ಚಿಪ್ ನೋಡಿದೆ, 2208. ಪಿಸಿಐ ಐಡಿ 005ಬಿ. ಈಗ ಕೇಳುತ್ತೇನೆ, ಒಂದು ಸಾಲು ಹಾಕಿದರೆ ಒಂದು ಡ್ರೈವರ್ ಹೋಗಿ ಇನ್ನೊಂದು ಹೇಗೆ ಬರುತ್ತದೆ? ಎಂಆರ್‌ಸಾಸ್ ಮಾಡ್ಯೂಲ್ ಲೋಡ್ ಮಾಡಿ ಅಂತ ನಾನು ಎಲ್ಲೂ ಹೇಳಿರಲಿಲ್ಲ.

ಕಾಳುಮೆಣಸು · ಜುಲೈ 20, ಬೆಳಗ್ಗೆ 9:05

ಎಎಂಡಿ64ರ (ಮಾಮೂಲಿ 64 ಬಿಟ್ ಮಿಷನ್‌ನ) ಜೊತೆಗೇ ಬರುವ ಜೆನೆರಿಕ್ ಕರ್ನಲ್‌ನಲ್ಲಿ ಎರಡೂ ಮೊದಲೇ ಕೂತಿವೆ. ಲೋಡ್ ಮಾಡಬೇಕಾಗಿಲ್ಲ.

ಇದನ್ನು ಮೆಣಸಿನ ಹರಾಜು ಅಂದುಕೊಳ್ಳಿ. ಬೂಟ್ ಆಗುವಾಗ ಕರ್ನಲ್ ಪ್ರತಿ ಕಾರ್ಡನ್ನೂ ಎತ್ತಿ ತೋರಿಸಿ "ಇದು ಯಾರಿಗೆ ಬೇಕು" ಅಂತ ಕೂಗುತ್ತದೆ. ಗುರುತು ಸಿಕ್ಕ ಡ್ರೈವರ್‌ಗಳು ಒಂದೊಂದು ಸಂಖ್ಯೆ ಕೂಗುತ್ತವೆ. ಸೊನ್ನೆಗೆ ಹತ್ತಿರ ಇದ್ದದ್ದು ಗೆಲ್ಲುತ್ತದೆ. ಎಂಎಫ್‌ಐ ಮಾಮೂಲಿಯಾಗಿ ‑20 ಕೂಗುತ್ತದೆ. ನಿಮ್ಮ 005ಬಿ ತರದ ಕಾರ್ಡಿಗೆ ಎಂಆರ್‌ಸಾಸ್ ಕೂಗುವುದು ‑30. ಹಾಗಾಗಿ ಎಂಎಫ್‌ಐ ಗೆಲ್ಲುತ್ತದೆ. ನೀವು ಆ ಸಾಲು ಹಾಕಿದಾಗ ಎಂಎಫ್‌ಐ ಹಿಂದೆ ಸರಿದು ‑40 ಕೂಗುತ್ತದೆ. ಈಗ ‑30 ಮೇಲಾಯಿತು, ಕಾರ್ಡ್ ಎಂಆರ್‌ಸಾಸ್ ಪಾಲು. ಅಂದರೆ ಆ ಸಾಲು ಎಂಆರ್‌ಸಾಸ್‌ಗೆ ಏನೂ ಹೇಳುವುದಿಲ್ಲ, ಎಂಎಫ್‌ಐಗೆ "ನೀನು ಸ್ವಲ್ಪ ಸರಿ" ಅನ್ನುತ್ತದೆ. ಅದಕ್ಕೇ ಅದರ ಹೆಸರಿನಲ್ಲಿ ಎಂಎಫ್‌ಐ ಮೊದಲು ಬರುವುದು.

ಎಂಆರ್‌ಸಾಸ್‌ನ ಮ್ಯಾನ್ ಪುಟದಲ್ಲಿ (ಕೈಪಿಡಿಯಲ್ಲಿ) ಇದನ್ನು /ಬೂಟ್/ಡಿವೈಸ್.ಹಿಂಟ್ಸ್‌ನಲ್ಲಿ ಹಾಕಿ ಅಂತ ಇದೆ. ಲೋಡರ್.ಕಾನ್ಫ್ ಆದರೂ ನಡೆಯುತ್ತದೆ, ಎರಡೂ ಕರ್ನಲ್‌ನ ಎನ್ವಿರಾನ್‌ಮೆಂಟ್‌ಗೇ ಹೋಗುವುದು. ಅದೇ ಪುಟದಲ್ಲಿ ಹೆಸರು ಬದಲಾಗುತ್ತದೆ, ಎಫ್‌ಎಸ್‌ಟ್ಯಾಬ್ ನೀವೇ ತಿದ್ದಿಕೊಳ್ಳಿ ಅಂತಲೂ ಇದೆ. ಮೊದಲ ದಿನವೇ ಒಂದು ಡ್ರೈವರ್ ಆರಿಸಿಕೊಳ್ಳಿ, ಆಚೆ ಈಚೆ ಹಾರಬೇಡಿ ಅಂತಲೂ ಇದೆ. ಯಾರು ಓದುತ್ತಾರೆ, ಅಲ್ವಾ?

ಸಿಲ್ವರ್‌ಓಕ್ · ಜುಲೈ 20, ಬೆಳಗ್ಗೆ 9:40

ತಪ್ಪು ನನ್ನದು. ನಾನು ಮಾಡಿದ ಎರಡೂ ಕಡೆ ಝಡ್‌ಎಫ್‌ಎಸ್ ಅನ್ನೋ ಬೇರೆ ಫೈಲ್ ಸಿಸ್ಟಮ್ ಇತ್ತು. ಅದು ಡಿಸ್ಕಿನ ಮೇಲೆ ಬರೆದಿರುವ ತನ್ನ ಗುರುತು ನೋಡಿ ಪೂಲ್ ಕಟ್ಟಿಕೊಳ್ಳುತ್ತದೆ. ಎಂಎಫ್‌ಐಡಿ ಆದರೇನು, ಡಿಎ ಆದರೇನು, ಅದಕ್ಕೆ ಲೆಕ್ಕಕ್ಕಿಲ್ಲ. ಯುಎಫ್‌ಎಸ್ ಅಂತ ಅವರು ಬರೆದದ್ದನ್ನು ನಾನು ಗಮನಿಸಲಿಲ್ಲ.

ಜಿಗಣೆ · ಜುಲೈ 20, ಬೆಳಗ್ಗೆ 10:02

ಇಷ್ಟೆಲ್ಲ ಯಾಕೆ, ಲಿನಕ್ಸ್ ಹಾಕಿ.

ಕಾಳುಮೆಣಸು · ಜುಲೈ 20, ಬೆಳಗ್ಗೆ 10:06

ಬಂದಿರಾ? ಮಳೆಗಾಲ ಶುರುವಾದದ್ದು ಈಗ ಖಾತ್ರಿ ಆಯಿತು.

ಗೋಣಿಚೀಲ ಅವರೇ, ಡ್ರೈವರ್ ಯಾವುದೇ ಇರಲಿ, ಈ ವಾರ ಒಂದು ಕೆಲಸ ಮಾಡಿ. ಪಾರ್ಟಿಷನ್‌ಗಳಿಗೆ ಹೆಸರಿಡಿ. ಜಿಪಾರ್ಟ್ ಮಾಡಿಫೈ -ಐ 2 -ಎಲ್ ಕಣಜ ಎಂಎಫ್‌ಐಡಿ0. ಹೆಸರು ಏನಾದರೂ ಇಡಿ, ನನ್ನ ಬಾಯಿಗೆ ಕಣಜ ಬಂತು. ಹೆಸರು ಪಾರ್ಟಿಷನ್‌ಗಳ ಜಿಪಿಟಿ ಪಟ್ಟಿಯಲ್ಲೇ, ಡಿಸ್ಕಿನ ಮೇಲೆಯೇ ಕೂರುತ್ತದೆ. ಆಮೇಲೆ ಎಫ್‌ಎಸ್‌ಟ್ಯಾಬ್‌ನಲ್ಲಿ /ಡೆವ್/ಎಂಎಫ್‌ಐಡಿ0ಪಿ2 ಇದ್ದ ಕಡೆ /ಡೆವ್/ಜಿಪಿಟಿ/ಕಣಜ ಅಂತ ಬರೆಯಿರಿ. ಡ್ರೈವರ್ ಬದಲಾಗಲಿ, ಡಿಸ್ಕ್ ಬೇರೆ ಮಿಷನ್‌ಗೆ ಹೋಗಲಿ, ಆ ಹೆಸರು ಜೊತೆಗೇ ಹೋಗುತ್ತದೆ.

ಗೋಣಿಚೀಲ · ಜುಲೈ 22, ಸಂಜೆ 6:30

ಇವತ್ತು ಕುಶಾಲನಗರದಲ್ಲಿದ್ದೇನೆ, ಸರ್ವರ್ ಮುಂದೆಯೇ. ಲೇಬಲ್ ಹಾಕಿದೆ. ಜಿಪಾರ್ಟ್ ಶೋ -ಎಲ್ ಕೊಟ್ಟರೆ ಹೆಸರು ಕಾಣುತ್ತದೆ. ಆದರೆ /ಡೆವ್/ಜಿಪಿಟಿ ಒಳಗೆ ನೋಡಿದರೆ ಆ ಹೆಸರೇ ಇಲ್ಲ. ಇಲ್ಲದ ಹೆಸರನ್ನು ಎಫ್‌ಎಸ್‌ಟ್ಯಾಬ್‌ನಲ್ಲಿ ಹೇಗೆ ಬರೆಯಲಿ? ಒಂದು ಸಲ ಸುಟ್ಟುಕೊಂಡವನು, ಈಗ ಎಂಟರ್ ಒತ್ತೋಕೂ ಭಯ.

ಕಾಳುಮೆಣಸು · ಜುಲೈ 22, ಸಂಜೆ 6:52

ಒಳ್ಳೆಯ ಭಯ. ಆದರೆ ಇಲ್ಲಿ ತೊಂದರೆ ಇಲ್ಲ. ಆ ಪಾರ್ಟಿಷನ್ ಈಗ ಎಂಎಫ್‌ಐಡಿ0ಪಿ2 ಅನ್ನೋ ಹೆಸರಿನಲ್ಲಿ ಬರೆಯೋಕೆ ತೆರೆದಿದೆ. ಒಂದು ಬಾಗಿಲಿನಿಂದ ಒಳಗೆ ಹೋದವರಿದ್ದರೆ ಜಿಯೋಮ್ (ಫ್ರೀಬಿಎಸ್‌ಡಿಯ ಡಿಸ್ಕ್ ಪದರ) ಇನ್ನೊಂದು ಬಾಗಿಲನ್ನು ತೆರೆದಿಡುವುದಿಲ್ಲ. ಎಫ್‌ಎಸ್‌ಟ್ಯಾಬ್‌ನಲ್ಲಿ ಹೊಸ ಹೆಸರು ಬರೆದು ರೀಬೂಟ್ ಮಾಡಿದರೆ ಆಗ ಕಾಣುತ್ತದೆ. ಕಾಗುಣಿತ ಎರಡು ಸಲ ನೋಡಿ. ಏನಾದರೂ ಹೆಚ್ಚುಕಮ್ಮಿ ಆದರೆ ಮೌಂಟ್‌ರೂಟ್‌ನಲ್ಲಿ ಏನು ಮಾಡಬೇಕು ಅಂತ ನಿಮಗೂ ಗೊತ್ತು, ನಿಮ್ಮ ಹುಡುಗನಿಗೂ ಗೊತ್ತು.

ಲೇಬಲ್‌ನಲ್ಲಿ ಸರಿಯಾಗಿ ಬೂಟ್ ಆದ ಮೇಲೆ ಎಂಆರ್‌ಸಾಸ್ ನೋಡಲೇಬೇಕು ಅಂತಿದ್ದರೆ ಫೈಲಿನಲ್ಲಿ ಬರೆಯಬೇಡಿ. ಲೋಡರ್ ಪ್ರಾಂಪ್ಟಿನಲ್ಲಿ ಸೆಟ್ ಮಾಡಿ =1 ಕೊಟ್ಟು ಬೂಟ್ ಮಾಡಿ. ಸರಿ ಹೋಗದಿದ್ದರೆ ರೀಸೆಟ್ ಒತ್ತಿದರೆ ಹಳೆಯದಕ್ಕೆ ವಾಪಸ್. ಮೊನ್ನೆ ನೀವು ಮೊದಲೇ ಹೀಗೆ ಮಾಡಿದ್ದರೆ ಹುಡುಗನ ನಿದ್ದೆ ಉಳಿಯುತ್ತಿತ್ತು.

ಹಾರಂಗಿದಂಡೆ · ಜುಲೈ 22, ರಾತ್ರಿ 8:15

ತಡವಾಗಿ ಬಂದೆ. ಎಲ್ಲರೂ ಡ್ರೈವರ್ ಹಿಂದೆ ಬಿದ್ದಿದ್ದೀರಿ. ಆದರೆ ಅವರು ಮೊದಲ ದಿನವೇ ಹೇಳಿದ ಮಾತು ನೋಡಿ. ಓದುವುದು ಬೇಗ, ಬರೆಯುವುದು ನಿಧಾನ. ಮೊದಲು ಚೆನ್ನಾಗಿತ್ತು, ಎರಡು ವಾರದಿಂದ ಕೆಟ್ಟಿದೆ. ಡ್ರೈವರ್ ಎರಡು ವಾರದ ಹಿಂದೆ ಬದಲಾಗಿಲ್ಲವಲ್ಲ? ಮತ್ತೆ ಅದರ ಮೇಲೆ ಯಾಕೆ ಅನುಮಾನ?

ಕಾರ್ಡಿನ ಬ್ಯಾಟರಿ ನೋಡಿದಿರಾ? ಎಂಎಫ್‌ಐಯುಟಿಲ್ ಶೋ ಬ್ಯಾಟರಿ ಕೊಡಿ. ಆಮೇಲೆ ಎಂಎಫ್‌ಐಯುಟಿಲ್ ಕ್ಯಾಶ್ ಎಂಎಫ್‌ಐಡಿ0 ಕೊಡಿ. ಎಂಎಫ್‌ಐ ಡ್ರೈವರ್ ಓಡುತ್ತಿರುವಾಗಲೇ ನೋಡಿ. ಎಂಆರ್‌ಸಾಸ್‌ಗೆ ಹೋದರೆ ಕಾರ್ಡ್ ಕಂಪನಿಯ ಸ್ಟೋರ್‌ಸಿಎಲ್‌ಐ ಪ್ರೋಗ್ರಾಂ ಬೇರೆ ಹಾಕಿಕೊಳ್ಳಬೇಕಾದೀತು.

ಗೋಣಿಚೀಲ · ಜುಲೈ 22, ರಾತ್ರಿ 8:44

ಅಯ್ಯೋ. ಬ್ಯಾಟರಿ ಸ್ಟೇಟಸ್‌ನಲ್ಲಿ ವೋಲ್ಟೇಜ್ ಕಡಿಮೆ ಅಂತಿದೆ. ಫುಲ್ ಚಾರ್ಜ್ ಆದಾಗಿನ ಸಾಮರ್ಥ್ಯ ಅಂತ ತೋರಿಸುವುದು ಡಿಸೈನ್ ಸಾಮರ್ಥ್ಯದ ಮೂರನೇ ಒಂದು ಪಾಲೂ ಇಲ್ಲ. ಕ್ಯಾಶ್ (ಕಾರ್ಡಿನ ಮೆಮೊರಿ) ಕೇಳಿದರೆ ಸೆಟ್ಟಿಂಗ್ ರೈಟ್-ಬ್ಯಾಕ್ ಅಂತಲೇ ಇದೆ, ಆದರೆ ಬ್ಯಾಟರಿ ಸತ್ತಿರುವುದರಿಂದ ಕ್ಯಾಶ್ ನಿಲ್ಲಿಸಿದೆ ಅನ್ನೋ ಅರ್ಥದ ಮಾತು ಮೇಲೆ ಬರುತ್ತದೆ. ಈ ಕಾರ್ಡಿನಲ್ಲಿ ಬ್ಯಾಟರಿ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ.

ಹಾರಂಗಿದಂಡೆ · ಜುಲೈ 22, ರಾತ್ರಿ 9:20

ಅಲ್ಲಿಗೆ ಕಳ್ಳ ಸಿಕ್ಕ.

ಏನಾಗುತ್ತಿದೆ ಅಂದರೆ, ಪೋಸ್ಟ್‌ಗ್ರೆಸ್ ಪ್ರತಿ ಕಮಿಟ್‌ಗೂ (ಬರಹ ಖಾಯಂ ಮಾಡುವಾಗಲೆಲ್ಲ) "ಡಿಸ್ಕಿಗೆ ಸೇರಿತಾ?" ಅಂತ ಕೇಳಿ ಉತ್ತರಕ್ಕೆ ಕಾಯುತ್ತದೆ. ಬ್ಯಾಟರಿ ಚೆನ್ನಾಗಿದ್ದಾಗ ಕಾರ್ಡ್ ತನ್ನ ಮೆಮೊರಿಗೆ ತಗೊಂಡು ತಕ್ಷಣ "ಸೇರಿತು" ಅನ್ನುತ್ತದೆ. ಅದೇ ರೈಟ್-ಬ್ಯಾಕ್. ಕರೆಂಟ್ ಹೋದರೂ ಬ್ಯಾಟರಿ ಆ ಮೆಮೊರಿ ಉಳಿಸುತ್ತದೆ, ವಾಪಸ್ ಬಂದ ಮೇಲೆ ಡಿಸ್ಕಿಗೆ ಬರೆಯುತ್ತದೆ. ಬ್ಯಾಟರಿ ಸತ್ತರೆ ಕಾರ್ಡ್ ಸುಳ್ಳು ಹೇಳುವುದಿಲ್ಲ. ರೈಟ್-ಥ್ರೂಗೆ ಇಳಿಯುತ್ತದೆ, ನಿಜವಾಗಿ ಡಿಸ್ಕಿಗೆ ಬರೆದ ಮೇಲೆಯೇ "ಸೇರಿತು" ಅನ್ನುತ್ತದೆ. 7200 ಆರ್‌ಪಿಎಂ ಡಿಸ್ಕ್ ಒಂದು ಸುತ್ತು ಹೊಡೆಯೋಕೆ 8 ಮಿಲಿಸೆಕೆಂಡಿಗಿಂತ ಜಾಸ್ತಿ ಬೇಕು. ರೇಡ್ 5ರಲ್ಲಿ ಒಂದು ಚಿಕ್ಕ ಬರಹಕ್ಕೆ ಹಳೆಯ ಡೇಟಾ ಓದು, ಹಳೆಯ ಪ್ಯಾರಿಟಿ (ಕೆಟ್ಟ ಡಿಸ್ಕಿನ ಡೇಟಾ ಮತ್ತೆ ಕಟ್ಟೋಕೆ ಇಡುವ ಲೆಕ್ಕ) ಓದು, ಹೊಸ ಡೇಟಾ ಬರೆ, ಹೊಸ ಪ್ಯಾರಿಟಿ ಬರೆ, ಹೀಗೆ ನಾಲ್ಕು ಕೆಲಸ. ನಿಮ್ಮ ಪ್ರೋಗ್ರಾಂ ಒಂದು ರಸೀತಿಯ ಪ್ರತಿ ಸಾಲಿಗೂ ಬೇರೆ ಬೇರೆ ಕಮಿಟ್ ಮಾಡುತ್ತಿದ್ದರೆ ನಾಲ್ಕೈದು ಸೆಕೆಂಡ್ ಆಗುವುದು ಆಶ್ಚರ್ಯ ಅಲ್ಲ. ಅದನ್ನು ಬರೆದವರಿಗೂ ಒಂದು ಮಾತು ಹೇಳಿ, ಇಡೀ ರಸೀತಿಗೆ ಒಂದೇ ಟ್ರಾನ್ಸಾಕ್ಷನ್ ಸಾಕು.

ಕೆಲವು ಸಲ ಬ್ಯಾಟರಿ ಚೆನ್ನಾಗಿದ್ದರೂ ಹೀಗಾಗುತ್ತದೆ. ಕಾರ್ಡ್ ಆಗಾಗ ಬ್ಯಾಟರಿಯನ್ನು ಪೂರ್ತಿ ಇಳಿಸಿ ಮತ್ತೆ ತುಂಬಿ ಅಳೆಯುತ್ತದೆ, ಲರ್ನ್ ಸೈಕಲ್ ಅಂತಾರೆ. ಆ ಕೆಲವು ಗಂಟೆ ನಿಧಾನ. ನಿಮ್ಮದು ಅದಲ್ಲ, ನಿಮ್ಮದು ಮುಗಿದ ಬ್ಯಾಟರಿ.

ಸಿಲ್ವರ್‌ಓಕ್ · ಜುಲೈ 22, ರಾತ್ರಿ 9:41

ಹೊಸ ಬ್ಯಾಟರಿ ಬರೋವರೆಗೆ ಒಂದು ಉಪಾಯ. ಬ್ಯಾಟರಿ ಕೆಟ್ಟಿದ್ದರೂ ರೈಟ್-ಬ್ಯಾಕ್ ಇರಲಿ ಅಂತ ಹೇಳಬಹುದು. ಎಂಎಫ್‌ಐಯುಟಿಲ್ ಕ್ಯಾಶ್ ಎಂಎಫ್‌ಐಡಿ0 ಬ್ಯಾಡ್-ಬಿಬಿಯು-ರೈಟ್-ಕ್ಯಾಶ್ ಎನೇಬಲ್. ತಕ್ಷಣ ವೇಗ ಬರುತ್ತದೆ. ಯುಪಿಎಸ್ ಇದೆಯಲ್ಲ.

ಹಾರಂಗಿದಂಡೆ · ಜುಲೈ 22, ರಾತ್ರಿ 9:58

ಬೇಡ. ಬೆಂಗಳೂರಿನ ಡೇಟಾ ಸೆಂಟರ್ ಆಗಿದ್ದರೆ ನಾನೂ ಯೋಚನೆ ಮಾಡುತ್ತಿದ್ದೆ. ಇದು ಕೊಡಗು, ಇದು ಜುಲೈ. ಒಂದು ಮರ ಲೈನಿನ ಮೇಲೆ ಬಿದ್ದರೆ ಕರೆಂಟ್ ಯಾವಾಗ ಬರುತ್ತದೆ ಅಂತ ಯಾರು ಹೇಳುತ್ತಾರೆ?

ನಾನೇ ಮಾಡಿ ಕೆಟ್ಟಿದ್ದೇನೆ. ಸೋಮವಾರಪೇಟೆ ಕಡೆ ಒಂದು ಅಂಗಡಿಯ ಸರ್ವರ್. ಬ್ಯಾಟರಿ ಸತ್ತಿತ್ತು, ಬಲವಂತವಾಗಿ ರೈಟ್-ಬ್ಯಾಕ್ ಹಾಕಿದೆ. ಯುಪಿಎಸ್ ಅಲ್ಲೂ ಇತ್ತು. ಎರಡನೇ ದಿನ ಕರೆಂಟ್ ಹೋಗಿ ಐದು ಗಂಟೆ ಬರಲಿಲ್ಲ, ಯುಪಿಎಸ್ ನಲವತ್ತು ನಿಮಿಷಕ್ಕೆ ಕೈ ಎತ್ತಿತು. ಮಿಷನ್ ತಾನಾಗಿ ಶಟ್‌ಡೌನ್ ಆಗೋ ಏರ್ಪಾಡು ಮಾಡಿರಲಿಲ್ಲ. ಎದ್ದ ಮೇಲೆ ಎಫ್‌ಎಸ್‌ಸಿಕೆ ಏನೋ ಮುಗಿಯಿತು, ಡೇಟಾಬೇಸ್ ತೆರೆಯಲಿಲ್ಲ. "ಸೇರಿತು" ಅಂತ ಹೇಳಿಸಿಕೊಂಡ ಬರಹ ಕಾರ್ಡಿನ ಮೆಮೊರಿಯಲ್ಲೇ ಆವಿಯಾಗಿತ್ತು. ಹಿಂದಿನ ದಿನದ ಬ್ಯಾಕಪ್ ಹಾಕಿ, ಒಂದು ದಿನದ ಬಿಲ್ಲನ್ನು ಕಾಗದ ನೋಡಿ ಮತ್ತೆ ಟೈಪ್ ಮಾಡಿದೆವು. ಅಂಗಡಿಯವರು ಈಗಲೂ ನನ್ನನ್ನು ನೋಡಿದರೆ ಒಂದು ತರ ನಗುತ್ತಾರೆ.

ಐದು ಸೆಕೆಂಡ್ ಕಾಯುವುದೇ ವಾಸಿ.

ಸಿಲ್ವರ್‌ಓಕ್ · ಜುಲೈ 22, ರಾತ್ರಿ 10:10

ಸರಿ, ಒಪ್ಪಿದೆ. ಈ ಚರ್ಚೆಯಲ್ಲಿ ನನ್ನ ಲೆಕ್ಕ ಎರಡು ತಪ್ಪು. ಇನ್ನು ಓದುತ್ತೇನೆ ಅಷ್ಟೇ.

ಗೋಣಿಚೀಲ · ಆಗಸ್ಟ್ 3, ರಾತ್ರಿ 8:25

ಏನಾಯಿತು ಅಂತ ತಿಳಿಸಿ ಮುಗಿಸುತ್ತೇನೆ.

ಬ್ಯಾಟರಿ ಕೊರಿಯರ್‌ನಲ್ಲಿ ನಿನ್ನೆ ಬಂತು. ಇವತ್ತು ಕೊಡವರ ಕಕ್ಕಡ ತಿಂಗಳ ಹದಿನೆಂಟು, ಬೆಳಗ್ಗೆ ಮನೆಯಲ್ಲಿ ಮದ್ದುಸೊಪ್ಪಿನ ಪಾಯಸ ತಿಂದು ಹೊರಟೆ. ಹುಡುಗನಿಗೂ ಒಂದು ಡಬ್ಬಿ ಒಯ್ದೆ, ಬಾಕಿ ಇದ್ದ ಊಟದ ಮೊದಲ ಕಂತು. ಸರ್ವರ್ ಸರಿಯಾಗಿ ಶಟ್‌ಡೌನ್ ಮಾಡಿ, ಪವರ್ ವೈರ್ ಎಳೆದು, ಕಾರ್ಡ್ ಹೊರಗೆ ತೆಗೆದೆವು. ಹಳೆಯ ಬ್ಯಾಟರಿ ಸ್ವಲ್ಪ ಉಬ್ಬಿತ್ತು, ಬೆರಳಿಟ್ಟರೆ ಗೊತ್ತಾಗುತ್ತಿತ್ತು. ಹೊಸದು ಹಾಕಿದ ಮೇಲೆ ಚಾರ್ಜ್ ಆಗೋಕೆ ಸುಮಾರು ಹೊತ್ತು ಹಿಡಿಯಿತು, ಅಲ್ಲಿವರೆಗೂ ನಿಧಾನವೇ ಇತ್ತು. ಮೂರು ಗಂಟೆ ಹೊತ್ತಿಗೆ ಎಂಎಫ್‌ಐಯುಟಿಲ್ ಕ್ಯಾಶ್‌ನಲ್ಲಿ ಆ ದೂರು ಮಾಯ. ಹುಡುಗ ಸೇವ್ ಒತ್ತಿದ. ತಕ್ಷಣ ಆಯಿತು. "ಇನ್ನು ಕಾಫಿ ಕುಡಿಯೋಕೆ ಟೈಮ್ ಸಿಗಲ್ಲ" ಅಂದ.

ಡ್ರೈವರ್ ವಿಷಯ. ಲೇಬಲ್ ಹಾಕಿದ ಮೇಲೆ ಲೋಡರ್ ಪ್ರಾಂಪ್ಟಿನಿಂದ ಒಂದು ಸಲ ಎಂಆರ್‌ಸಾಸ್‌ನಲ್ಲಿ ಬೂಟ್ ಮಾಡಿ ನೋಡಿದೆ. ಏನೂ ತಕರಾರಿಲ್ಲದೆ ಬಂತು, ರೂಟ್ /ಡೆವ್/ಜಿಪಿಟಿ/ಕಣಜದಿಂದಲೇ ಮೌಂಟ್ ಆಯಿತು. ವೇಗದಲ್ಲಿ ನನಗೇನೂ ವ್ಯತ್ಯಾಸ ಕಾಣಲಿಲ್ಲ. ಎಂಎಫ್‌ಐಗೇ ವಾಪಸ್ ಬಂದೆ, ಬ್ಯಾಟರಿ ನೋಡೋಕೆ ಸಿಸ್ಟಮ್ ಜೊತೆಗೇ ಬಂದಿರುವ ಎಂಎಫ್‌ಐಯುಟಿಲ್ ಸಾಕು. ದಿನಾ ಬೆಳಗ್ಗೆ ಅದರ ಔಟ್‌ಪುಟ್ ನನಗೆ ಮೇಲ್ ಬರೋ ಹಾಗೆ ಕ್ರಾನ್ (ಹೊತ್ತಿಗೆ ಸರಿಯಾಗಿ ತಾನೇ ಓಡುವ ಕೆಲಸ) ಹಾಕಿದ್ದೇನೆ.

ನನ್ನ ಎಫ್‌ಎಸ್‌ಟ್ಯಾಬ್ ಈಗ ಹೀಗಿದೆ, ಬೇರೆಯವರಿಗೂ ಉಪಯೋಗ ಆಗಬಹುದು:

/ಡೆವ್/ಜಿಪಿಟಿ/ಕಣಜ    /    ಯುಎಫ್‌ಎಸ್    ಆರ್‌ಡಬ್ಲ್ಯು    1    1
/ಡೆವ್/ಎಂಎಫ್‌ಐಡಿ0ಪಿ3    ನನ್    ಸ್ವಾಪ್    ಎಸ್‌ಡಬ್ಲ್ಯು    0    0

ಕಾಳುಮೆಣಸು · ಆಗಸ್ಟ್ 3, ರಾತ್ರಿ 8:50

ಚೆನ್ನಾಯಿತು. ಪಾಯಸ ಇಲ್ಲಿಗೂ ಕಳಿಸಬಹುದಿತ್ತು.

ಜಿಗಣೆ · ಆಗಸ್ಟ್ 3, ರಾತ್ರಿ 9:03

ಎರಡನೇ ಸಾಲು ನೋಡಿ.

ಗೋಣಿಚೀಲ · ಆಗಸ್ಟ್ 3, ರಾತ್ರಿ 9:06

ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಜಾಗ) ಇನ್ನೂ ಹಳೆಯ ಹೆಸರಲ್ಲೇ ಇದೆ. ಎಂಆರ್‌ಸಾಸ್‌ನಲ್ಲಿ ಬೂಟ್ ಮಾಡಿದಾಗ ಸ್ವಾಪ್ ಇಲ್ಲದೆಯೇ ಓಡಿದೆ, ನಾನು ಗಮನಿಸಿಲ್ಲ. ಜಿಗಣೆ ಅವರೇ, ಈ ಸಲ ಕಚ್ಚಿದ್ದು ಸರಿಯಾದ ಜಾಗಕ್ಕೆ. ಈಗಲೇ ಲಾಗಿನ್ ಆಗಿ ಲೇಬಲ್ ಹಾಕುತ್ತೇನೆ. ರೀಬೂಟ್ ಮಾತ್ರ ನಾಳೆ ಹಗಲು, ಅಲ್ಲಿಗೆ ಹೋಗಿ.